ಬೆಂಗಳೂರಿಗೆ ಹೊರಟಿದ್ದೀರಾ? ಮನೆಗಿಂತ ಮೊದಲು ಬಡಾವಣೆ ನೋಡಿ

ನಿಮ್ಮ ಯಜಮಾನರಿಗೆ ಬೆಂಗಳೂರಿಗೆ ವರ್ಗವಾಗಿದೆ. ಅಥವಾ ಅಲ್ಲಿ ಹೊಸ ಕೆಲಸ ಸಿಕ್ಕಿದೆ. ಇಲ್ಲವೇ ಮಕ್ಕಳ ಓದಿಗಾಗಿ ಸಂಸಾರವನ್ನೇ ಅಲ್ಲಿಗೆ ಸಾಗಿಸೋಣವೆಂದು ಮನೆಯಲ್ಲಿ ಮಾತು ನಡೆದಿದೆ. ಸರಿ, ಮುಂದೇನಾಗುತ್ತೆ? ಸಾಮಾನ್ಯವಾಗಿ ಆಗುವುದು ಇಷ್ಟೆ. ಯಜಮಾನರು ಒಂದು ಶನಿವಾರ ರಾತ್ರಿ ಬಸ್ಸು ಹತ್ತುತ್ತಾರೆ. ಭಾನುವಾರವೆಲ್ಲ ಸ್ನೇಹಿತರೊಬ್ಬರ ಸ್ಕೂಟರಿನ ಹಿಂದೆ ಕುಳಿತು ಐದಾರು ಮನೆ ನೋಡುತ್ತಾರೆ. ಸೋಮವಾರ ಬೆಳಗ್ಗೆ ವಾಪಸು ಬಂದು, "ಎರಡು ರೂಮು, ಗಾಳಿ ಬೆಳಕು ಚೆನ್ನಾಗಿದೆ, ಅಡ್ವಾನ್ಸ್ ಕೊಟ್ಟು ಬಂದೆ" ಎನ್ನುತ್ತಾರೆ. ಫೋನಿನಲ್ಲಿ ತೆಗೆದ ನಾಲ್ಕು ಚಿತ್ರಗಳನ್ನು ತೋರಿಸುತ್ತಾರೆ. ಅಡುಗೆಕಟ್ಟೆ ಎಷ್ಟುದ್ದ ಇದೆ, ದೇವರಮನೆ ಉಂಟೋ ಇಲ್ಲವೋ ಎಂದು ನೀವು ಆ ಚಿತ್ರಗಳನ್ನೇ ದೊಡ್ಡದು ಮಾಡಿ ಮಾಡಿ ನೋಡುತ್ತೀರಿ.

ಈಗ ನನ್ನದೊಂದು ಪ್ರಶ್ನೆ. ಆ ಮನೆಯಲ್ಲಿ ಬೆಳಗಿನಿಂದ ರಾತ್ರಿಯವರೆಗೆ ಇರುವವರು ಯಾರು? ಯಜಮಾನರು ಎಂಟಕ್ಕೆ ಹೊರಟರೆ ಕತ್ತಲಾದ ಮೇಲೆ ಬರುವವರು. ಮಕ್ಕಳು ಹಗಲೆಲ್ಲ ಶಾಲೆಯಲ್ಲಿ. ನೀರು ಬಂತೇ ಎಂದು ಕಾಯುವವರು, ಸೊಪ್ಪು ತರಕಾರಿ ತರುವವರು, ಮಗುವಿಗೆ ಮಧ್ಯಾಹ್ನ ಜ್ವರ ಏರಿದರೆ ಡಾಕ್ಟರ ಬಳಿಗೆ ಓಡುವವರು ನೀವು. ಹಾಗಿದ್ದ ಮೇಲೆ ಬಡಾವಣೆ ಆರಿಸುವುದರಲ್ಲಿ ನಿಮ್ಮ ಮಾತು ಬೇಡವೇ? "ಬೆಂಗಳೂರು ನನಗೇನು ಗೊತ್ತಾಗುತ್ತೆ" ಎಂದು ಹಿಂದೆ ಸರಿಯಬೇಡಿ. ನೋಡಬೇಕಾದದ್ದೆಲ್ಲ ನೀವು ದಿನಾ ನಡೆಸುವ ಸಂಸಾರದ ಸಂಗತಿಗಳೇ. ಅಡ್ವಾನ್ಸ್ ಕೊಡುವ ಮುಂಚೆ ಒಮ್ಮೆ ನೀವೂ ಹೋಗಿ ಬನ್ನಿ. ಆ ಒಂದು ದಿನದ ಬಸ್ ಖರ್ಚು ಏನೇನೂ ಅಲ್ಲ.

"ಹಿಡಿಸದಿದ್ದರೆ ಬದಲಾಯಿಸಿದರಾಯ್ತು, ಕರಾರು ಇರೋದೇ ಹನ್ನೊಂದು ತಿಂಗಳಿಗೆ" ಎನ್ನುವವರೂ ಉಂಟು. ಬದಲಾಯಿಸುವುದೆಂದರೆ ಮತ್ತೆ ಹೊಸ ಅಡ್ವಾನ್ಸ್ ಹೊಂದಿಸಬೇಕು, ಬ್ರೋಕರಿಗೆ ಮತ್ತೆ ಒಂದು ತಿಂಗಳ ಬಾಡಿಗೆ ಕೊಡಬೇಕು, ಮತ್ತೆ ಲಾರಿ ಕರೆಸಬೇಕು. ಬಿಟ್ಟ ಮನೆಯ ಓನರು ಬಣ್ಣದ ಖರ್ಚೆಂದು ಒಂದು ತಿಂಗಳ ಬಾಡಿಗೆ ಹಿಡಿದುಕೊಳ್ಳುತ್ತಾರೆ. ಮಕ್ಕಳ ಶಾಲೆ ದೂರವಾದರೆ ಆ ಗೋಳು ಬೇರೆ. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದರು ಹಿರಿಯರು. ಅವರಿಗೆ ಬೆಂಗಳೂರಿನಲ್ಲಿ ಬಾಡಿಗೆ ಮನೆ ಹುಡುಕುವ ಪ್ರಸಂಗ ಬಂದಿರಲಿಲ್ಲವೆಂದು ಕಾಣುತ್ತದೆ!

ಮೊದಲು ನೀರು, ಆಮೇಲೆ ಬಾಡಿಗೆ

ಬಾಡಿಗೆ ಎಷ್ಟು ಎಂದು ಕೇಳುವ ಮುಂಚೆ ನೀರು ಯಾವುದು ಎಂದು ಕೇಳಿ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಊರು, ಪಕ್ಕದಲ್ಲಿ ದೊಡ್ಡ ಹೊಳೆಯಿಲ್ಲ. ಅಲ್ಲಿನವರು ಕುಡಿಯುವ ಕಾವೇರಿ ನೀರು ಸುಮಾರು 100 ಕಿಲೋಮೀಟರ್ ದೂರದಿಂದ ಬರುತ್ತದೆ. ಮಂಡ್ಯ ಜಿಲ್ಲೆಯ ತೊರೆಕಾಡನಹಳ್ಳಿಯಲ್ಲಿ ನೀರನ್ನು ಶುದ್ಧಿ ಮಾಡಿ, ಅಲ್ಲಿಂದ ಪಂಪು ಮಾಡಿ, ದಾರಿಯಲ್ಲಿ ಹಾರೋಹಳ್ಳಿ ಮತ್ತು ತಾತಗುಣಿಯಲ್ಲಿ ಮತ್ತೆ ಪಂಪು ಮಾಡಿ, ಒಟ್ಟು ಸುಮಾರು 500 ಮೀಟರ್ ಮೇಲಕ್ಕೆತ್ತಿ ಊರಿಗೆ ತರುತ್ತಾರೆ. ಇಷ್ಟು ಕಷ್ಟಪಟ್ಟು ಬರುವ ನೀರು ಎಲ್ಲ ಬೀದಿಗೂ ಒಂದೇ ಸಮ ಬರುತ್ತದೆಯೇ? ಇಲ್ಲ. ಎಷ್ಟೋ ಕಡೆ ದಿನ ಬಿಟ್ಟು ದಿನ, ಅದೂ ಕೆಲವು ಗಂಟೆ ಮಾತ್ರ.

ಹಳೆಯ ಬಡಾವಣೆಗಳಿಗೆ ಕಾವೇರಿಯ ಕೊಳವೆ ಎಂದೋ ಬಂದಿದೆ. ತೊಂದರೆ ಹೆಚ್ಚು ಇದ್ದದ್ದು 2007ರಲ್ಲಿ ನಗರಪಾಲಿಕೆಗೆ ಸೇರಿದ ಸುತ್ತಲಿನ 110 ಹಳ್ಳಿಗಳಲ್ಲಿ. ಅಲ್ಲಿ ಮನೆಗಳು ಎದ್ದವು, ಅಪಾರ್ಟ್‌ಮೆಂಟುಗಳು ಎದ್ದವು, ನೀರು ಮಾತ್ರ ಬೋರ್‌ವೆಲ್ಲಿನದು ಇಲ್ಲವೇ ಟ್ಯಾಂಕರಿನದು. 2024ರ ಬೇಸಿಗೆಯಲ್ಲಿ ಬೋರ್‌ಗಳು ಒಣಗಿ ಜನ ಪಟ್ಟ ಪಾಡನ್ನು ನೀವು ಟಿ.ವಿ.ಯಲ್ಲಿ ನೋಡಿರುತ್ತೀರಿ. ಅದೇ ವರ್ಷ ಅಕ್ಟೋಬರಿನಲ್ಲಿ ಕಾವೇರಿ ಐದನೇ ಹಂತ ಉದ್ಘಾಟನೆಯಾಗಿ, ದಿನಕ್ಕೆ 77.5 ಕೋಟಿ ಲೀಟರ್ ನೀರು ಈ ಹಳ್ಳಿಗಳಿಗೆಂದು ಸೇರಿತು. ಸಂತೋಷದ ಸಂಗತಿಯೇ. ಆದರೆ ಬೀದಿಯ ಕೊಳವೆಗೆ ನೀರು ಬಂದ ಮಾತ್ರಕ್ಕೆ ನಿಮ್ಮ ಅಡುಗೆಮನೆಗೆ ಬಂದಂತಲ್ಲ! ಮನೆಯ ಓನರು ಜಲಮಂಡಳಿಗೆ ಹಣ ಕಟ್ಟಿ ಸಂಪರ್ಕ ತೆಗೆದುಕೊಂಡಿರಬೇಕು. "ಕಾವೇರಿ ಬಂದಿದೆ ಮೇಡಂ" ಎಂದು ಬ್ರೋಕರು ಹೇಳಿದರೆ ನಗುಮುಖದಿಂದಲೇ ಒಂದು ಮಾತು ಕೇಳಿ: "ಹೋದ ತಿಂಗಳ ನೀರಿನ ಬಿಲ್ಲು ತೋರಿಸ್ತೀರಾ?" ಬಿಲ್ಲು ಇದ್ದರೆ ನೀರು ಉಂಟು. ಬಿಲ್ಲಿಲ್ಲದೆ ಬರೀ ಮಾತಿದ್ದರೆ ನೀವೇ ತಿಳಿದುಕೊಳ್ಳಿ.

ಟ್ಯಾಂಕರಿನ ಲೆಕ್ಕವನ್ನೂ ಮಾಡಿ ನೋಡೋಣ. ನಗರದಲ್ಲಿ ಒಬ್ಬರಿಗೆ ದಿನಕ್ಕೆ 135 ಲೀಟರ್ ಬೇಕೆಂಬುದು ಸರ್ಕಾರಿ ಅಳತೆ. ನಾಲ್ಕು ಜನರ ಸಂಸಾರಕ್ಕೆ ದಿನಕ್ಕೆ 540 ಲೀಟರ್, ತಿಂಗಳಿಗೆ 16,200 ಲೀಟರ್. ಎಂದರೆ 6,000 ಲೀಟರಿನ ಟ್ಯಾಂಕರು ಹೆಚ್ಚುಕಡಿಮೆ ಮೂರು. 2024ರ ಮಾರ್ಚಿನಲ್ಲಿ ಟ್ಯಾಂಕರಿನವರು ಮನಬಂದಂತೆ ಹಣ ಕೇಳತೊಡಗಿದಾಗ ಜಿಲ್ಲಾಡಳಿತವೇ ದರ ಕಟ್ಟಬೇಕಾಯಿತು. 5 ಕಿಲೋಮೀಟರಿನೊಳಗೆ 6,000 ಲೀಟರಿಗೆ 600 ರೂಪಾಯಿ, 12,000 ಲೀಟರಿಗೆ 1,000 ರೂಪಾಯಿ. ಕಟ್ಟಿದ ದರದಲ್ಲೇ ಸಿಕ್ಕರೂ ತಿಂಗಳಿಗೆ 1,800 ರೂಪಾಯಿ ಬರೀ ನೀರಿಗೆ. ಈ ಹಣವನ್ನು ಬಾಡಿಗೆಯ ಜೊತೆಗೇ ಸೇರಿಸಿ ಲೆಕ್ಕ ಹಾಕಬೇಕು.

ಬೋರ್ ನೀರು ಗಡಸೋ ಅಲ್ಲವೋ ಎಂದು ತಿಳಿಯಲು ಯಾವ ಲ್ಯಾಬೂ ಬೇಕಿಲ್ಲ. ಬಚ್ಚಲುಮನೆಯ ನಲ್ಲಿಯ ಬಾಯಿ ನೋಡಿ, ಗೋಡೆಯ ಟೈಲ್ಸ್ ನೋಡಿ. ಬಿಳಿ ಪೊರೆ ಗಟ್ಟಿಯಾಗಿ ಕಟ್ಟಿದ್ದರೆ ಗಡಸು ನೀರು. ಗೀಸರ್ ಬೇಗ ಕೆಡುತ್ತದೆ, ಸೋಪು ನೊರೆ ಬರುವುದಿಲ್ಲ, ತಲೆಗೂದಲು ಒರಟಾಗುತ್ತದೆ. ನಮ್ಮ ಕೆಲಸಕ್ಕೆ ಬರುವ ಪರೀಕ್ಷೆ ಇನ್ನೊಂದುಂಟು. ಒಂದು ಬಾಟಲಿ ನೀರು ಹಿಡಿದು ತಂದು, ನೀವು ಇಳಿದುಕೊಂಡ ನೆಂಟರ ಮನೆಯಲ್ಲಿ ಅದರಲ್ಲೇ ಒಂದು ಹಿಡಿ ತೊಗರಿಬೇಳೆ ಬೇಯಲಿಡಿ. ಗಡಸು ನೀರಿನಲ್ಲಿ ಬೇಳೆ ಎಷ್ಟು ಹೊತ್ತಾದರೂ ಕರಗುವುದಿಲ್ಲ. ದಿನಾ ಸಾರು ಮಾಡುವವರಿಗೆ ಇದು ಸಣ್ಣ ವಿಷಯವೇ?

ಒಂದೇ ಕಟ್ಟಡದಲ್ಲಿ ಐದಾರು ಬಾಡಿಗೆ ಮನೆಗಳಿದ್ದರೆ ಸಂಪು ಎಷ್ಟು ದೊಡ್ಡದು, ಮೋಟಾರು ಹಾಕುವವರು ಯಾರು, ಆ ಕರೆಂಟು ಯಾರ ಮೀಟರಿಗೆ ಎಂದೂ ಕೇಳಿ. ಇವನ್ನೆಲ್ಲ ಓನರನ್ನು ಕೇಳುವುದಕ್ಕಿಂತ ಪಕ್ಕದ ಮನೆಯಾಕೆಯನ್ನು ಕೇಳುವುದು ಲೇಸು. "ಏಪ್ರಿಲ್‌ನಲ್ಲಿ ನೀರು ಹೇಗಿರುತ್ತೆ ಅಕ್ಕಾ?" ಎಂದರೆ ಸಾಕು, ಅರ್ಧ ಗಂಟೆಯಲ್ಲಿ ಬೀದಿಯ ಚರಿತ್ರೆಯೆಲ್ಲ ತಿಳಿಯುತ್ತದೆ.

ಹೆಸರಿಗೆ ಮರುಳಾಗಬೇಡಿ

ನಮ್ಮ ಊರುಗಳಲ್ಲಿ ಕೋಟೆ ಬೀದಿ ಎಂದರೆ ಕೋಟೆ ಬೀದಿ. ಬೆಂಗಳೂರಿನಲ್ಲಿ ಹಾಗಲ್ಲ, ಅಲ್ಲಿ ಮೇನು, ಕ್ರಾಸು, ಬ್ಲಾಕು, ಸ್ಟೇಜು. ಹೆಸರು ಒಂದೇ ಇದ್ದರೂ ಸ್ಟೇಜು ಬೇರೆಯಾದರೆ ಊರೇ ಬೇರೆ! "ಬನಶಂಕರಿಯಲ್ಲಿ ಮನೆ" ಎಂದರೆ ನಿಮ್ಮ ಕಣ್ಣಿಗೆ ದೇವಸ್ಥಾನ, ಬಸ್ ನಿಲ್ದಾಣ, ಮಾರುಕಟ್ಟೆ ಬರುತ್ತವೆ. ಆರನೇ ಸ್ಟೇಜು ಎಂದರೆ ಅವೆಲ್ಲ ಹಿಂದೆ ಉಳಿದು, ತುರಹಳ್ಳಿ ಕಾಡಿನ ಕಡೆಗೆ ಹೋದಿರಿ ಎಂದರ್ಥ. ಜೆ.ಪಿ. ನಗರದ ಒಂದನೇ ಹಂತಕ್ಕೂ ಒಂಬತ್ತನೇ ಹಂತಕ್ಕೂ ಅಷ್ಟೇ ಅಂತರ. ಹಾಗೆಂದು ಅವು ಕೆಟ್ಟ ಜಾಗಗಳೆಂದು ಹೇಳುತ್ತಿಲ್ಲ. ಹೆಸರಿಗೆ ಕೊಡುವ ಬಾಡಿಗೆ ಬೇರೆ, ಜಾಗಕ್ಕೆ ಕೊಡುವ ಬಾಡಿಗೆ ಬೇರೆ, ಅಷ್ಟೆ.

ಬಸವನಗುಡಿ, ಮಲ್ಲೇಶ್ವರಗಳು 1898ರ ಪ್ಲೇಗಿನ ಕಾಲದಲ್ಲಿ, ಕಿಕ್ಕಿರಿದ ಪೇಟೆಯಿಂದ ಜನ ಹೊರಗೆ ಬರಲೆಂದು ಬೆಳೆಸಿದ ಬಡಾವಣೆಗಳು. ಜಯನಗರ 1948ರ ಸುಮಾರಿಗೆ ಶುರುವಾಯಿತು. ಅಗಲ ರಸ್ತೆ, ಮರ, ಪಾರ್ಕು, ಗುಡಿ, ಮಾರುಕಟ್ಟೆ ಎಲ್ಲ ಯೋಚಿಸಿ ಮಾಡಿದವು. ಅಲ್ಲಿ ಇರಬೇಕೆಂದು ಯಾರಿಗೆ ಆಸೆಯಿಲ್ಲ? ಬಾಡಿಗೆ ಕೇಳಿದರೆ ಆಸೆ ತಾನಾಗಿ ಇಳಿಯುತ್ತದೆ. ಆದರೆ ಒಂದು ಉಪಾಯವಿದೆ. ಹೆಸರು ಮಾಡಿದ ಬಡಾವಣೆಯ ಪಕ್ಕದ್ದನ್ನು ನೋಡಿ. ಬಸವನಗುಡಿ ಎಟುಕದಿದ್ದರೆ ಹನುಮಂತನಗರ, ಶ್ರೀನಗರ, ಗಿರಿನಗರ. ಮಲ್ಲೇಶ್ವರ ಎಟುಕದಿದ್ದರೆ ಗಾಯತ್ರಿನಗರ, ಸುಬ್ರಹ್ಮಣ್ಯನಗರ, ಶ್ರೀರಾಮಪುರ. ವಿಜಯನಗರದ ಪಕ್ಕ ಮೂಡಲಪಾಳ್ಯ. ಬೀದಿ ಕಿರಿದು, ಮನೆ ಚಿಕ್ಕದು, ಸ್ಕೂಟರು ನಿಲ್ಲಿಸುವುದೇ ಕಷ್ಟ ಎನ್ನಿ. ಆದರೆ ಗಾಂಧಿ ಬಜಾರೋ ಮಲ್ಲೇಶ್ವರದ ಎಂಟನೇ ಕ್ರಾಸೋ ಹತ್ತಿರದಲ್ಲೇ, ನೀರು ಬಹುಮಟ್ಟಿಗೆ ಕಾವೇರಿಯದು, ಸುತ್ತ ಕನ್ನಡ ಮಾತು. ನನ್ನನ್ನು ಕೇಳಿದರೆ, ಊರಾಚೆಯ ದೊಡ್ಡ ಹಾಲಿಗಿಂತ ಇಂಥ ಬೀದಿಯ ಚಿಕ್ಕ ಮನೆಯೇ ಮೇಲು.

ಕನ್ನಡದ ಮಾತು ಬಂತು, ಅದನ್ನೂ ಹೇಳಿಬಿಡುತ್ತೇನೆ. ವೈಟ್‌ಫೀಲ್ಡ್, ಮಾರತಹಳ್ಳಿ, ಬೆಳ್ಳಂದೂರಿನ ಕಡೆ ಐ.ಟಿ. ಕಂಪನಿಗಳಿಗೆಂದು ದೇಶದ ನಾನಾ ಭಾಗಗಳಿಂದ ಬಂದು ನೆಲೆಸಿದವರು ಹೆಚ್ಚು. ಅಂಗಡಿಯಲ್ಲಿ, ಲಿಫ್ಟಿನಲ್ಲಿ ಹಿಂದಿ ಇಂಗ್ಲಿಷೇ ಹೆಚ್ಚಾಗಿ ಕಿವಿಗೆ ಬೀಳುತ್ತದೆ. ಒಳ್ಳೆಯ ಜನ ಎಲ್ಲೆಡೆಯೂ ಇರುತ್ತಾರೆ. ಆದರೂ ಊರಿನಲ್ಲಿ ಬೀದಿಗೆಲ್ಲ ಪರಿಚಯವಿದ್ದು ಬಂದವರಿಗೆ, ಮಾತಾಡಲು ಯಾರೂ ಇಲ್ಲದ ಹನ್ನೆರಡು ಗಂಟೆ ಬಹಳ ಉದ್ದ. ಇದು ಬಾಡಿಗೆ ಪತ್ರದಲ್ಲಿ ಬರೆದಿರುವುದಿಲ್ಲ.

ಆಫೀಸು ಎತ್ತ, ಮನೆ ಎತ್ತ

ಯಜಮಾನರ ಓಡಾಟ ಮುಖ್ಯವಲ್ಲವೆಂದು ನಾನು ಹೇಳುವುದಿಲ್ಲ. ಎರಡು ಗಂಟೆ ಹೋಗಿ ಎರಡು ಗಂಟೆ ಬಂದವರ ಮುಖ ನೋಡುವವರೂ ನೀವೇ ತಾನೆ? ಇದಕ್ಕಾಗಿ ಮೂರು ಮೆಟ್ರೊ ದಾರಿಗಳನ್ನು ತಿಳಿದಿಟ್ಟುಕೊಳ್ಳಿ. ನೇರಳೆ ದಾರಿ ಪಶ್ಚಿಮದ ಚಲ್ಲಘಟ್ಟದಿಂದ ಹೊರಟು ಕೆಂಗೇರಿ, ವಿಜಯನಗರ, ಮೆಜೆಸ್ಟಿಕ್, ವಿಧಾನಸೌಧ, ಕೆ.ಆರ್. ಪುರ ಹಾದು ವೈಟ್‌ಫೀಲ್ಡ್ ಮುಟ್ಟುತ್ತದೆ. ಇದು 2023ರ ಅಕ್ಟೋಬರಿನಲ್ಲಿ ಪೂರ್ತಿಯಾಯಿತು. ಹಸಿರು ದಾರಿ ತುಮಕೂರು ರಸ್ತೆಯ ಮಾದಾವರದಿಂದ ಪೀಣ್ಯ, ಯಶವಂತಪುರ, ಮೆಜೆಸ್ಟಿಕ್, ಜಯನಗರ, ಬನಶಂಕರಿ ಹಾದು ಕನಕಪುರ ರಸ್ತೆಯ ರೇಷ್ಮೆ ಸಂಸ್ಥೆಯವರೆಗೆ. ಹಳದಿ ದಾರಿ 2025ರ ಆಗಸ್ಟಿನಲ್ಲಿ ಶುರುವಾದದ್ದು, ಆರ್.ವಿ. ರಸ್ತೆಯಿಂದ ಸಿಲ್ಕ್ ಬೋರ್ಡ್, ಎಲೆಕ್ಟ್ರಾನಿಕ್ ಸಿಟಿ ಮೂಲಕ ಬೊಮ್ಮಸಂದ್ರಕ್ಕೆ. ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸವೆಂದರೆ ಅಲ್ಲೇ ಮನೆ ಮಾಡಬೇಕೆಂಬ ಕಟ್ಟುಪಾಡು ಇದರಿಂದ ಸಡಿಲವಾಗಿದೆ. ಬನಶಂಕರಿ ಕಡೆ ಮನೆ ಮಾಡಿಕೊಂಡು ಆರ್.ವಿ. ರಸ್ತೆಯಲ್ಲಿ ರೈಲು ಬದಲಾಯಿಸಿ ಹೋಗಬಹುದು. ಪೀಣ್ಯದ ಕಾರ್ಖಾನೆಯಾದರೆ ದಾಸರಹಳ್ಳಿ, ಮಹಾಲಕ್ಷ್ಮಿ ಬಡಾವಣೆ. ಸರ್ಕಾರಿ ಕಚೇರಿಯಾದರೆ ವಿಜಯನಗರದ ಕಡೆ. ವೈಟ್‌ಫೀಲ್ಡಾದರೆ ಮಾತ್ರ ಯೋಚಿಸಬೇಕು. ವಿಜಯನಗರದಿಂದ ಒಂದೇ ರೈಲಿನಲ್ಲಿ ಹೋಗಬಹುದು, ಆದರೆ ಒಂದು ಗಂಟೆಗೆ ಕಡಿಮೆಯಿಲ್ಲ. ನಿಲ್ದಾಣದಿಂದ ಆಫೀಸಿನವರೆಗಿನ ದಾರಿ ಬೇರೆ. ರಾತ್ರಿ ಪಾಳಿ ಇರುವವರಿಗೆ ಇದು ಆಗದ ಮಾತು, ಅಂಥವರು ಕೆ.ಆರ್. ಪುರ, ಹೂಡಿ, ಕಾಡುಗೋಡಿ ಕಡೆಯೇ ನೋಡುವುದು ಒಳ್ಳೆಯದು.

"ಮುಂದಿನ ವರ್ಷ ಇಲ್ಲೇ ಮೆಟ್ರೊ ಬರುತ್ತೆ" ಎಂದು ಹೇಳಿ ಬಾಡಿಗೆ ಏರಿಸುವವರಿದ್ದಾರೆ. ಬಂದ ಮೇಲೆ ಏರಿಸಲಿ. ಓಡದ ರೈಲಿಗೆ ನೀವೇಕೆ ಈಗಲೇ ಟಿಕೆಟ್ ಕೊಡಬೇಕು? ಓಡುತ್ತಿರುವ ರೈಲಿನ ದರವೂ 2025ರ ಫೆಬ್ರವರಿಯಲ್ಲಿ ಏರಿದೆ. ಮನೆ ಹತ್ತಿರದ ನಿಲ್ದಾಣದಿಂದ ಆಫೀಸಿನ ನಿಲ್ದಾಣಕ್ಕೆ ಎಷ್ಟೆಂದು ಕೇಳಿ ಬರೆದಿಟ್ಟುಕೊಳ್ಳಿ. ನಿಮ್ಮ ಮಟ್ಟಿಗೆ 2023ರ ಜೂನಿನಿಂದ ಶಕ್ತಿ ಯೋಜನೆಯಿದೆ. ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿ ಇದ್ದರೆ ಎ.ಸಿ. ಇಲ್ಲದ ಸಿಟಿ ಬಸ್ಸಿನಲ್ಲಿ ಹಣ ಕೊಡಬೇಕಿಲ್ಲ. ಆದ್ದರಿಂದ ಬಸ್ ನಿಲ್ದಾಣ ನಡೆಯುವಷ್ಟು ಹತ್ತಿರವಿದ್ದರೆ ಅದೂ ಒಂದು ಉಳಿತಾಯ.

ಈಗ ಎರಡು ಮನೆ ಹೋಲಿಸೋಣ. ಊರಾಚೆಯ ಮನೆ 14,000, ಹಳೆಯ ಬಡಾವಣೆಯ ಮನೆ 18,000 ಎಂದಿಟ್ಟುಕೊಳ್ಳಿ. ಮೇಲ್ನೋಟಕ್ಕೆ ನಾಲ್ಕು ಸಾವಿರ ಉಳಿತಾಯ, ಅಲ್ಲವೇ? ಊರಾಚೆಯದಕ್ಕೆ ಟ್ಯಾಂಕರು 1,800 ಸೇರಿಸಿ. ಮಗುವಿನ ಶಾಲೆಯ ವ್ಯಾನು 2,000 ಎನ್ನಿ. ಯಜಮಾನರು ದಿನಕ್ಕೆ 40 ಕಿಲೋಮೀಟರ್ ಸ್ಕೂಟರು ಓಡಿಸಿದರೆ 25 ದಿನಕ್ಕೆ ಸಾವಿರ ಕಿಲೋಮೀಟರ್, ಇಪ್ಪತ್ತು ಲೀಟರಿಗೆ ಮೇಲೆ ಪೆಟ್ರೋಲು, ಲೀಟರಿಗೆ ನೂರರ ಲೆಕ್ಕ ಹಿಡಿದರೂ 2,000. ಒಟ್ಟು 19,800. ಹಳೆಯ ಬಡಾವಣೆಯಲ್ಲಿ ನೀರಿನ ಬಿಲ್ಲು 300, ಮೆಟ್ರೊ 1,500, ಶಾಲೆಗೆ ನಡಿಗೆ. ಒಟ್ಟು 19,800! ನಿಮ್ಮ ಲೆಕ್ಕ ಹೀಗೇ ಸಮವಾಗಬೇಕೆಂದಿಲ್ಲ. ಒಂದು ಹಾಳೆಯಲ್ಲಿ ಬರೆದು ನೋಡದೆ ಯಾವುದು ಅಗ್ಗ ಎಂದು ತೀರ್ಮಾನಿಸಬೇಡಿ, ಅಷ್ಟೆ.

ಬೆಳಗ್ಗೆ ಎಂಟಕ್ಕೊಮ್ಮೆ, ಸಂಜೆ ಏಳಕ್ಕೊಮ್ಮೆ

ಭಾನುವಾರದ ಬೆಂಗಳೂರು ಬೇರೆ, ಸೋಮವಾರದ್ದು ಬೇರೆ. ನೀವು ಹೋಗುವುದಾದರೆ ವಾರದ ಮಧ್ಯೆ ಹೋಗಿ. ಬೆಳಗ್ಗೆ ಎಂಟಕ್ಕೆ ಆ ಬೀದಿಯಲ್ಲಿ ನಡೆಯಿರಿ. ಮಕ್ಕಳು ಶಾಲೆಗೆ ನಡೆದು ಹೋಗುತ್ತಿದ್ದಾರೆಯೇ? ದೊಡ್ಡ ರಸ್ತೆ ದಾಟಬೇಕೇ? ನಂದಿನಿ ಹಾಲಿನ ಬೂತು ಎಷ್ಟು ದೂರ? ತಳ್ಳುಗಾಡಿಯ ಸೊಪ್ಪು ಬರುತ್ತದೆಯೇ? ಹಾಪ್‌ಕಾಮ್ಸ್ ಉಂಟೇ? ಮೆಡಿಕಲ್ ಶಾಪು, ನಂಬಿಕೆಯ ಒಬ್ಬ ಡಾಕ್ಟರು? ನನ್ನದೊಂದು ಗುರುತು ಹೇಳಲೇ? ಹಿಟ್ಟಿನ ಗಿರಣಿ ನೋಡಿ. ಗಿರಣಿ ಇರುವ ಬೀದಿ ಎಂದರೆ ರಾಗಿ, ಅಕ್ಕಿ, ಸಾಂಬಾರಪುಡಿ ಬೀಸಿಸುವ ಸಂಸಾರಸ್ಥರು ಸುತ್ತ ಇದ್ದಾರೆಂದರ್ಥ. ಗಿರಣಿಯಲ್ಲಿ ಕಾಯುತ್ತಾ ನಿಂತವರ ಬಳಿ ಹತ್ತು ನಿಮಿಷ ಮಾತಾಡಿದರೆ ಖಾಲಿ ಮನೆಯ ಸುದ್ದಿಯೂ ಸಿಗಬಹುದು. ಬ್ರೋಕರಿಲ್ಲದ ಮನೆಗಳು ಹೀಗೆ ಮಾತಿನಿಂದ, ಗೇಟಿಗೆ ಕಟ್ಟಿದ ಟು-ಲೆಟ್ ಬೋರ್ಡಿನಿಂದ ಸಿಗುವುದೇ ಹೆಚ್ಚು.

ಸಂಜೆ ಏಳಕ್ಕೆ ಮತ್ತೊಮ್ಮೆ ಹೋಗಿ. ಬೀದಿ ದೀಪ ಉರಿಯುತ್ತವೆಯೇ, ಹೆಂಗಸರು ಒಂಟಿಯಾಗಿ ಓಡಾಡುತ್ತಾರೆಯೇ, ಮೂಲೆಯಲ್ಲಿ ಬಾರ್ ಇದೆಯೇ ಎಂಬುದೆಲ್ಲ ಹಗಲಿನಲ್ಲಿ ಕಾಣುವುದಿಲ್ಲ.

ಮಳೆಗಾಲದ ಮಾತನ್ನೂ ಕೇಳಲೇಬೇಕು. ಕೆರೆಗಳ ಊರು ಬೆಂಗಳೂರು. ಒಂದು ಕೆರೆಯಿಂದ ಇನ್ನೊಂದಕ್ಕೆ ನೀರು ಹರಿಯುವ ರಾಜಕಾಲುವೆಗಳ ಮೇಲೆ, ಪಕ್ಕದಲ್ಲಿ ಕಟ್ಟಡಗಳೆದ್ದ ಕಡೆ ನೀರಿಗೆ ದಾರಿಯಿಲ್ಲ. 2022ರ ಸೆಪ್ಟೆಂಬರಿನಲ್ಲಿ ಬೆಳ್ಳಂದೂರು, ಹೊರ ವರ್ತುಲ ರಸ್ತೆಯ ಕಡೆ ಕೋಟಿ ಬೆಲೆಯ ಮನೆಗಳಿಂದಲೂ ಜನರನ್ನು ದೋಣಿಯಲ್ಲಿ, ಟ್ರ್ಯಾಕ್ಟರಿನಲ್ಲಿ ಕರೆತರಬೇಕಾಯಿತು. ನೆಲಮಹಡಿಯ ಮನೆ ನೋಡುವಾಗ ಗೋಡೆಯ ಬುಡದಲ್ಲಿ ತೇವದ ಗೆರೆ ಉಂಟೇ ನೋಡಿ. ಹೊಸ ಬಣ್ಣ ಬರೀ ಮೊಳದೆತ್ತರದವರೆಗೆ ಹಚ್ಚಿದ್ದರೆ ಕಾರಣ ಕೇಳಿ!

ತವರಿನ ದಾರಿ

ಇದನ್ನು ಯಾವ ಬ್ರೋಕರೂ ಹೇಳುವುದಿಲ್ಲ. ನಿಮ್ಮ ಊರಿನ ಬಸ್ಸು ಬೆಂಗಳೂರಿಗೆ ಯಾವ ಕಡೆಯಿಂದ ಬರುತ್ತದೋ ಆ ಕಡೆಯೇ ಮನೆ ಮಾಡಲು ನೋಡಿ. ದಾವಣಗೆರೆ, ಚಿತ್ರದುರ್ಗ, ಶಿವಮೊಗ್ಗ, ತುಮಕೂರು, ಹಾಸನದ ಬಸ್ಸುಗಳು ತುಮಕೂರು ರಸ್ತೆಯಿಂದ ಬರುತ್ತವೆ. ಅಂಥವರಿಗೆ ಪೀಣ್ಯ, ಯಶವಂತಪುರ, ರಾಜಾಜಿನಗರ ಅನುಕೂಲ. ಮೈಸೂರು, ಮಂಡ್ಯದವರಿಗೆ ಕೆಂಗೇರಿ, ನಾಗರಭಾವಿ, ವಿಜಯನಗರ. ಕೋಲಾರದವರಿಗೆ ಕೆ.ಆರ್. ಪುರ. ಇದರಿಂದ ಏನು ಲಾಭ ಎನ್ನುತ್ತೀರಾ? ವಯಸ್ಸಾದ ಅತ್ತೆ ಮಾವ ಬೆಳಗಿನ ಜಾವ ಬಸ್ಸಿಳಿದರೆ ಊರೆಲ್ಲ ದಾಟಿ ಬರಬೇಕಿಲ್ಲ. ಊರಿನಿಂದ ಅಕ್ಕಿ ಮೂಟೆಯೋ ತೆಂಗಿನಕಾಯಿಯೋ ಬಂದರೆ ಆಟೋಗೆ ಬಸ್ಸಿಗಿಂತ ಹೆಚ್ಚು ಕೊಡಬೇಕಿಲ್ಲ. ಅಮ್ಮನಿಗೆ ಮೈ ಸರಿಯಿಲ್ಲವೆಂದು ರಾತ್ರಿ ಹತ್ತಕ್ಕೆ ಫೋನು ಬಂದರೆ ಅರ್ಧ ಗಂಟೆಯಲ್ಲಿ ಬಸ್ಸು ಹಿಡಿಯಬಹುದು. ಊರ ಕಡೆಯ ಜನ ಆ ಭಾಗದಲ್ಲೇ ಹೆಚ್ಚಾಗಿ ನೆಲೆಸಿರುವುದೂ ಇದಕ್ಕೇ.

ಮಕ್ಕಳ ಶಾಲೆಯದು ದೊಡ್ಡ ವಿಷಯ, ಇಲ್ಲಿ ಎರಡೇ ಮಾತು. ಮೇ ಕೊನೆಗೆ ಶಾಲೆ ತೆರೆಯುವಷ್ಟರಲ್ಲಿ ಹೋಗಿ ನಿಲ್ಲುವುದಾದರೆ ಸೀಟನ್ನು ಮೊದಲೇ ವಿಚಾರಿಸಬೇಕು, ಎಷ್ಟೋ ಖಾಸಗಿ ಶಾಲೆಗಳಲ್ಲಿ ಪ್ರವೇಶ ಹಿಂದಿನ ವರ್ಷದ ಕೊನೆಗೇ ಶುರುವಾಗಿರುತ್ತದೆ. ಸೀಟು ಗೊತ್ತಾದ ಮೇಲೆ ಅದರ ಸುತ್ತ ಮನೆ ನೋಡಿ. ಹತ್ತನೇ ತರಗತಿಯ ಮಗುವಿದ್ದರೆ ಪರೀಕ್ಷೆ ಮುಗಿಯುವವರೆಗೆ ಊರಿನಲ್ಲೇ ಇರಿ, ಯಜಮಾನರು ಒಬ್ಬರೇ ರೂಮು ಮಾಡಿಕೊಂಡಿರಲಿ. ಆ ತಿಂಗಳುಗಳಲ್ಲಿ ಅವರು ಬಡಾವಣೆಗಳನ್ನು ನೋಡಿಯೂ ಇಡಬಹುದು.

ಓನರು, ಅಡ್ವಾನ್ಸು, ಲೀಸು

ಬಡಾವಣೆ ಒಪ್ಪಿಗೆಯಾಯಿತು, ಮನೆಯೂ ಸಿಕ್ಕಿತು. ಇನ್ನು ಹಣದ ಮಾತು. ಹತ್ತು ತಿಂಗಳ ಬಾಡಿಗೆಯನ್ನು ಅಡ್ವಾನ್ಸ್ ಕೇಳುವುದು ಬೆಂಗಳೂರಿನ ಹಳೆಯ ರೂಢಿ. ಈಗ ಐದಾರು ತಿಂಗಳಿಗೆ ಒಪ್ಪುವವರೂ ಇದ್ದಾರೆ, ಕೇಳಿ ನೋಡುವುದರಲ್ಲಿ ತಪ್ಪಿಲ್ಲ. ಹಣವನ್ನು ಬ್ಯಾಂಕಿನ ಮೂಲಕವೇ ಕೊಡಿ, ಓನರ ಹೆಸರಿಗೇ ಕೊಡಿ. ಕರಾರು ಪತ್ರದಲ್ಲಿ ಅಡ್ವಾನ್ಸ್ ಎಷ್ಟು, ಬಿಟ್ಟಾಗ ಎಷ್ಟು ದಿನದಲ್ಲಿ ವಾಪಸು, ಬಣ್ಣಕ್ಕೆ ಎಷ್ಟು ಕಡಿತ, ವರ್ಷಕ್ಕೆ ಬಾಡಿಗೆ ಎಷ್ಟು ಏರಿಕೆ, ನೀರಿನ ಖರ್ಚು ಯಾರದು ಇಷ್ಟೂ ಬರೆದಿರಲಿ. ಹನ್ನೊಂದು ತಿಂಗಳಿಗೆ ಬರೆಯುವುದು ಏಕೆ ಗೊತ್ತೇ? ಒಂದು ವರ್ಷಕ್ಕೆ ಮೀರಿದ ಕರಾರನ್ನು ಕಾಯ್ದೆಯ ಪ್ರಕಾರ ನೋಂದಾಯಿಸಬೇಕು, ಅದರ ಖರ್ಚು ತಪ್ಪಲೆಂದು.

ಲೀಸ್, ಎಂದರೆ ಭೋಗ್ಯದ ಮನೆಯ ಬಗ್ಗೆ ಬಹಳ ಎಚ್ಚರವಿರಲಿ. ಹತ್ತು ಹದಿನೈದು ಲಕ್ಷ ಒಟ್ಟಿಗೆ ಕೊಟ್ಟರೆ ತಿಂಗಳ ಬಾಡಿಗೆಯಿಲ್ಲ, ಬಿಡುವಾಗ ಹಣ ವಾಪಸು ಎಂಬುದು ಕೇಳಲು ಇಂಪು. ಊರಿನ ಸೈಟು ಮಾರಿದ ಹಣವೋ, ನಿಮ್ಮ ಒಡವೆಯ ಹಣವೋ ಅದಕ್ಕೇ ಹೋಗುತ್ತದೆ. ಓನರು ಆ ಮನೆಯ ಮೇಲೆ ಬ್ಯಾಂಕ್ ಸಾಲ ಮಾಡಿ ತೀರಿಸದಿದ್ದರೆ ಮನೆ ಹರಾಜಾಗುತ್ತದೆ, ಹೊರಗೆ ನಿಲ್ಲುವವರು ನೀವು. ಓನರ ಹೆಸರು ಹೇಳಿಕೊಂಡು ಬೇರೆಯವರೇ ಲೀಸ್ ಹಣ ತೆಗೆದುಕೊಂಡು ಪರಾರಿಯಾದ ಪ್ರಸಂಗಗಳೂ ಬೆಂಗಳೂರಿನಲ್ಲಿ ನಡೆದಿವೆ. ಮನೆಯ ಪತ್ರ, ಋಣಭಾರ ಪತ್ರಗಳನ್ನು ಒಬ್ಬ ವಕೀಲರಿಗೆ ತೋರಿಸಿ, ಓನರನ್ನೇ ಮುಖಾಮುಖಿ ಕಂಡು, ಪತ್ರ ನೋಂದಾಯಿಸಿ ಮುಂದುವರಿಯಿರಿ. ಇಷ್ಟಕ್ಕೆಲ್ಲ ಅವರು ಒಪ್ಪದಿದ್ದರೆ ತಿಂಗಳ ಬಾಡಿಗೆಯೇ ನಿಶ್ಚಿಂತೆ.

ಕೆಲವು ಓನರುಗಳು ಮನೆ ತೋರಿಸುವ ಮೊದಲು ನಿಮ್ಮ ಜಾತಿ ಕೇಳುತ್ತಾರೆ, ಏನು ತಿನ್ನುತ್ತೀರಿ ಎಂದು ಕೇಳುತ್ತಾರೆ. ಕೇಳಬಾರದ ಪ್ರಶ್ನೆ, ಆದರೂ ಕೇಳುತ್ತಾರೆ. ಮನೆ ಸಿಗಲೆಂದು ಸುಳ್ಳು ಹೇಳಿ ಒಳಗೆ ಸೇರಿ, ದಿನಾ ಕಿಟಕಿ ಮುಚ್ಚಿ ಅಡುಗೆ ಮಾಡುವ ಪಾಡು ಬೇಡ. ನಿಮ್ಮಿಂದಲೂ ಒಂದು ಪ್ರಶ್ನೆ ಇರಲಿ: ಊರಿನಿಂದ ಹಿರಿಯರು ಬಂದು ಒಂದು ತಿಂಗಳು ಇದ್ದರೆ ಅಡ್ಡಿಯಿಲ್ಲ ತಾನೆ? ಆ ಉತ್ತರ ಹೇಳುವಾಗ ಅವರ ಮುಖ ನೋಡಿ.

ಊರು ಬಿಡುವ ಮುಂಚೆ ಗ್ಯಾಸಿನ ವರ್ಗಾವಣೆ ಚೀಟಿ, ಮಕ್ಕಳ ಟಿ.ಸಿ. ಮರೆಯಬೇಡಿ. ಗೃಹಜ್ಯೋತಿಯ 200 ಯೂನಿಟ್ ತನಕದ ಉಚಿತ ವಿದ್ಯುತ್ತು ಬಾಡಿಗೆದಾರರಿಗೂ ಉಂಟು. ಹಳೆಯ ಮನೆಯ ಮೀಟರಿನಿಂದ ನಿಮ್ಮ ಆಧಾರ್ ಬಿಡಿಸಿ, ಹೊಸ ಮನೆಯ ಆರ್.ಆರ್. ನಂಬರಿಗೆ ಸೇರಿಸಲು ಅರ್ಜಿ ಹಾಕಬೇಕು. ಅದಕ್ಕೆ ನಿಮ್ಮ ಮನೆಗೆ ಪ್ರತ್ಯೇಕ ಮೀಟರ್ ಇರಬೇಕು, ಕರಾರಿಗೆ ಸಹಿ ಹಾಕುವ ಮೊದಲೇ ಇದನ್ನು ನೋಡಿಕೊಳ್ಳಿ.

ಹಾಲುಕ್ಕಿಸುವ ದಿನ ಸಾಮಾನು ಒಳಗಿಡುವ ಮುಂಚೆ ಖಾಲಿ ಮನೆಯನ್ನು ಮೂಲೆ ಮೂಲೆ ಫೋಟೋ ತೆಗೆದು, ಒಡೆದ ಗಾಜು, ಸೋರುವ ನಲ್ಲಿ, ಮೀಟರಿನ ರೀಡಿಂಗು ಸಮೇತ, ಓನರಿಗೆ ಅಂದೇ ಕಳಿಸಿಬಿಡಿ. ಅಡ್ವಾನ್ಸ್ ವಾಪಸು ಬರುವ ದಿನ ಆ ಫೋಟೋಗಳು ಕೆಲಸಕ್ಕೆ ಬರುತ್ತವೆ. ಪುಟ್ಟ ಮಕ್ಕಳಿದ್ದರೆ ಇದಕ್ಕೂ ಮೊದಲು ಸಂಪಿನ ಮುಚ್ಚಳ ನೋಡಿ. ತುಕ್ಕು ಹಿಡಿದಿದ್ದರೆ, ಬೀಗವಿಲ್ಲದಿದ್ದರೆ, ಅದನ್ನು ಸರಿ ಮಾಡಿಸಿದ ಮೇಲೆಯೇ ಲಾರಿಯಿಂದ ಸಾಮಾನು ಇಳಿಸಿ.